ಕ್ಲಿಯೋಟಾಳ ಖಾಲಿ ಕೈ

ಲಾಸ್ ಏಂಜಲೀಸ್,
ಆಗಸ್ಟ್ ೮, ೧೯೪೩

ಪ್ರೀತಿಯ ಅಮ್ಮನಿಗೆ,

ವಿಕ್ಸ್‌ಬರ್ಗಿನ ಅರ್ಡೀಲಿಯಾ ಮೇಬ್ರಿಯವರ ಒಬ್ಬನೇ ಮಗನೂ, ಬಿ.ಎ. ಪದವೀಧರನೂ, ಬ್ಯಾಪ್ಟಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಎರಡು ಸಲ ನೀರಿನಲ್ಲಿ ಮುಳುಗಿಸಲ್ಪಟ್ಟವನೂ (ಮೊದಲನೆಯ ಸಲ ಜಾರಿ ಬಿದ್ದದ್ದು) ಆದ ಲೂಷಿಯಸ್ ಮೇಬ್ರಿ ಎಂಬ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಮಂಗಳವಾರ ನಾನು ಸ್ಟುಡಿಯೋದಲ್ಲಿ ಕಳ್ಳತನ ಮಾಡಿದೆ.

ಕದ್ದ ಮಾಲು ಈ ಲಕೋಟೆಯಲ್ಲೇ ಇದೆ. ಬೆರಳುದ್ದದ ಒಂದು ಫಿಲ್ಮಿನ ಚೂರು. ಚೂರು ತಾನೇ ಅಂತ ಹಗುರವಾಗಿ ತಿಳಿಯಬೇಡ. ಇಲ್ಲಿ ಸಂಕಲನದ ಕಟ್ಟಡದಲ್ಲಿ ನೆಲಕ್ಕೆ ಬಿದ್ದ ಫಿಲ್ಮನ್ನೆಲ್ಲ ಗುಡಿಸಿ, ಅದರಲ್ಲಿರುವ ಬೆಳ್ಳಿಯನ್ನು ಬೇರ್ಪಡಿಸಿ ಯುದ್ಧಕ್ಕೆ ಕಳಿಸುತ್ತಾರೆ. ಬೆಳ್ಳಿ ತೆರೆ ಅಂತ ಸುಮ್ಮನೆ ಕರೆಯುತ್ತಾರೆಯೇ? ಅಂದರೆ ನಾನು ಕದ್ದದ್ದು ಸ್ಟುಡಿಯೋದ ಸ್ವತ್ತಲ್ಲ, ಸೈನ್ಯದ್ದು. ಚಪ್ಪಟೆ ಪಾದ ಅಂತ ನನ್ನನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲವಲ್ಲ, ಈಗ ಅದೇ ಪಾದದಲ್ಲಿ ಸೈನ್ಯದ ಬೆಳ್ಳಿ ಕದ್ದು ಕಾಲುಚೀಲದಲ್ಲಿ ಸಾಗಿಸಿದ್ದೇನೆ. ಲೆಕ್ಕ ಚುಕ್ತಾ.

ಕಿಟಕಿಯ ಬೆಳಕಿಗೆ ಹಿಡಿದು ನೋಡು. ಒಲೆಯ ಹತ್ತಿರ ಬೇಡವೇ ಬೇಡ, ಈ ಫಿಲ್ಮಿಗೆ ನಮ್ಮೂರ ಹ್ಯಾಟೀ ಬೂನ್‌ಳ ಹಾಗೆ ತಟ್ಟನೆ ಉರಿದುಕೊಳ್ಳುವ ಸ್ವಭಾವ. ಕಂಡಳಾ? ಕಂಬದ ಪಕ್ಕದಲ್ಲಿ, ಬಿಳಿ ಉಡುಪಿನಲ್ಲಿ, ತಲೆ ಎತ್ತಿ ನಿಂತವಳು? ನಿನ್ನ ಮಗಳು, ನನ್ನ ತಂಗಿ, ನಮ್ಮ ಕ್ಲಿಯೋಟಾ. ಇಲ್ಲಿ ಎಲ್ಲರ ಬಾಯಲ್ಲೂ ಕ್ಲೋ ಪ್ರೆಸ್ಕಾಟ್. ಅವಳು ಊಟದ ಹೊತ್ತಿಗೆ ಅಂಗಳ ದಾಟಿದರೆ ಬಡಗಿಗಳ ಗರಗಸ ಅರ್ಧದಲ್ಲೇ ನಿಲ್ಲುತ್ತದೆ.

ಯುದ್ಧಕ್ಕೆ ಹೊರಟ ಹುಡುಗರ ಸಂತೋಷಕ್ಕಾಗಿ ನಮ್ಮ ಸ್ಟುಡಿಯೋ ತನ್ನಲ್ಲಿರುವ ತಾರೆಗಳನ್ನೆಲ್ಲ ಒಂದೇ ಚಿತ್ರದಲ್ಲಿ ಸುರಿದಿದೆ. ಒಬ್ಬೊಬ್ಬರು ಒಂದೊಂದು ಹಾಡು, ಒಂದೊಂದು ಕುಣಿತ, ಒಂದೊಂದು ಜೋಕು. ಕಥೆ ಏನು ಅಂತ ಕೇಳಬೇಡ, ಬರೆದವನೂ ಹುಡುಕುತ್ತಿದ್ದಾನೆ. ಅದರಲ್ಲಿ ನಮ್ಮವಳದ್ದು ಒಂದು ಹಾಡು, ಪೂರ್ತಿ. ತೆರೆ ಸರಿಯುತ್ತದೆ, ಒಂದು ಕಂಬ, ಪಕ್ಕದಲ್ಲಿ ಇವಳು. ಬೇರೆ ಒಂದು ನರಪಿಳ್ಳೆ ಇಲ್ಲ. ಹಾಡು ಮುಗಿಯುತ್ತದೆ, ತೆರೆ ಬೀಳುತ್ತದೆ. ಹಿಂದಿನವರ ಹಂಗಿಲ್ಲ, ಮುಂದಿನವರ ಗೊಡವೆಯಿಲ್ಲ. ರಾಣಿಯರು ಬರುವುದೇ ಹಾಗೆ.

ಅಮ್ಮಾ, ಮೂರು ವರ್ಷದ ಹಿಂದೆ ರೈಲು ನಿಲ್ದಾಣದಲ್ಲಿ, ಚರ್ಚಿನ ಇಡೀ ಗಾಯನವೃಂದದ ಎದುರಿಗೆ ನೀನು ಅವಳಿಗೆ ಅಂದದ್ದು ನನಗೆ ನೆನಪಿದೆ. "ಹೋಗಮ್ಮ, ದೇವರ ಮುಂದೆ ಹಾಡೋ ಬಾಯಿ ಮುಚ್ಕೊಂಡು ಅಲ್ಲಿ ಬಿಳಿಯರ ಮುಂದೆ ತಟ್ಟೆ ಹಿಡ್ಕೊಂಡು ನಿಂತ್ಕೋ" ಅಂದೆ. ಆಮೇಲೆ ಅವಳಿಗೆ ಒಂದು ಸಾಲು ಬರೆಯಲಿಲ್ಲ. ನೀನು ಅಂದದ್ದರಲ್ಲಿ ತಪ್ಪಿಲ್ಲ. ಹಾಲಿವುಡ್ ನಮ್ಮ ಕಪ್ಪು ಹೆಣ್ಣುಮಕ್ಕಳಿಗೆ ಪಾತ್ರ ಕೊಡುವುದಿಲ್ಲ, ಪಾತ್ರೆ ಕೊಡುತ್ತದೆ. ಆದರೆ ಈ ಸಲ ಏಪ್ರನ್ ಇಲ್ಲ, ತಟ್ಟೆ ಇಲ್ಲ, "ಹೂಂ ಅಮ್ಮಾವ್ರೇ" ಇಲ್ಲ.

ಯಾರಾದರೂ ಕೊನೆ ಗಳಿಗೆಯಲ್ಲಿ ಅವಳನ್ನು ಕತ್ತರಿಸಿ ಎಸೆದರೆ ಅಂತ ಹೆದರಬೇಡ. ಕತ್ತರಿ ಇರುವ ಕೋಣೆಯಲ್ಲೇ ನಿನ್ನ ಮಗ ಇದ್ದಾನೆ. ಸಂಕಲನಕಾರ ಗ್ರೂಬರ್ ಸಾಹೇಬರು ನನ್ನನ್ನು ಕೇಳದೆ ಒಂದು ಅಂಗುಲ ಮುಟ್ಟುವುದಿಲ್ಲ. ಅವಳ ಹಾಡನ್ನು ಆ ಚಿತ್ರಕ್ಕೆ ನಾನೇ ಹೊಲಿದಿದ್ದೇನೆ ಅಂದುಕೋ. ಯಾವನು ಬಂದರೂ ಬಿಚ್ಚಲಾರದ ಹೊಲಿಗೆ.

ಈಗಲಾದರೂ ಅವಳಿಗೆ ಎರಡು ಸಾಲು ಬರಿ. ಪ್ರತಿ ಭಾನುವಾರ ನನ್ನ ಕೋಣೆಗೆ ಬಂದು, ಟೋಪಿ ತೆಗೆಯುವ ಮೊದಲೇ "ಅಮ್ಮನ ಕಾಗದ ಬಂತಾ?" ಅಂತ ಕೇಳುತ್ತಾಳೆ. ನನಗೆ ಬಂದದ್ದನ್ನು ಓದಿ ಹೇಳುತ್ತೇನೆ. ತನ್ನ ಹೆಸರು ಬರುತ್ತದೇನೋ ಅಂತ ಕೊನೆಯವರೆಗೂ ಕಾಯುತ್ತಾಳೆ.

ನಿನ್ನ ಕಳ್ಳ ಮಗ,
ಲೂಷಿಯಸ್


ವಿಕ್ಸ್‌ಬರ್ಗ್, ಮಿಸಿಸಿಪಿ,
ಆಗಸ್ಟ್ ೨೨, ೧೯೪೩

ಲೂಷಿಯಸ್,

ಕದ್ದ ಮಾಲನ್ನ ಅಮ್ಮನ ಮನೆಗೆ ಕಳಿಸ್ತೀಯಲ್ಲ, ನಾಳೆ ಪೊಲೀಸು ಬಂದ್ರೆ ನನ್ನನ್ನ ಹಿಡ್ಕೊಂಡು ಹೋಗ್ಲಿ ಅಂತಲಾ? ಆದ್ರೂ ಕಿಟಕಿಗೆ ಹಿಡಿದೆ. ಉಗುರಿನಷ್ಟು ಚಿತ್ರ. ನೀನು ಹೇಳದಿದ್ರೂ ಗೊತ್ತಾಗ್ತಿತ್ತು ಅವಳೇ ಅಂತ. ಆ ಗದ್ದ ಎತ್ತೋದು ನಿಮ್ಮಪ್ಪಂದು. ಸತ್ತು ಹತ್ತು ವರ್ಷ ಆದ್ರೂ ಆ ಮನುಷ್ಯನ ಜಂಬ ಮನೆ ಬಿಟ್ಟು ಹೋಗಿಲ್ಲ.

ಬಿಸಿ ಬಾಚಣಿಗೇಲಿ ಗುಂಗುರು ಕೂದಲು ನೇರ ಮಾಡಿಸ್ಕೊಳ್ಳೋಕೆ ನನ್ನ ಹತ್ರ ಬಂದೋರೆಲ್ಲ ನೋಡಿದ್ರು. ಹ್ಯಾಟೀ ಬೂನ್ ಅರ್ಧ ತಲೆ ಬಾಚಿದ್ದಂಗೇ ಎದ್ದು ಬಂದು ಕಿಟಕಿ ಹತ್ರ ನಿಂತ್ಲು. ನೋಡಿದ್ಲು, ನೋಡಿದ್ಲು, ಆಮೇಲೆ ಏನಂದ್ಲು ಗೊತ್ತಾ? "ಕೈ ಎಲ್ಲಿ ಅರ್ಡೀಲಿಯಾ? ಸೊಂಟದಿಂದ ಕೆಳಗೆ ಏನೂ ಕಾಣ್ತಿಲ್ಲವಲ್ಲ? ಕೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು?" ನಾನಂದೆ, ಹ್ಯಾಟೀ, ಬಾಚಣಿಗೆ ಇನ್ನೂ ಬಿಸಿ ಇದೆ, ನಿನ್ನ ಕಿವಿಯೂ ಹತ್ರಾನೇ ಇದೆ. ಹೋಗಿ ಕುರ್ಚೀಲಿ ಕೂತ್ಲು.

ಆದ್ರೆ ಮಗಾ, ಅವಳು ಹೋದ ಮೇಲೆ ನಾನೂ ನೋಡಿದೆ. ಕೈ ನಿಜವಾಗ್ಲೂ ಕಾಣ್ತಿಲ್ಲ. ಕೆಳಗೆ ಮೂಲೇಲಿ ಏನೋ ಮಬ್ಬುಮಬ್ಬಾಗಿ ಬಾಗಿಕೊಂಡಿದೆ, ತಟ್ಟೆ ಅಂಚಿನ ಹಾಗೆ. ಏನದು?

ಇನ್ನೊಂದು. ಒಬ್ಬಳನ್ನೇ ಯಾಕೆ ನಿಲ್ಲಿಸಿದ್ದಾರೆ? ಅವಳ ಪಕ್ಕ ನಿಲ್ಲೋಕೆ ಅವರಿಗೆ ನಾಚಿಕೇನಾ?

ನಾನು ಬರೀತೀನಿ. ಬರೆಯೋಲ್ಲ ಅಂತಲ್ಲ. ಆದ್ರೆ ಅವತ್ತು ಅಂದದ್ದನ್ನ ಎಲ್ಲರ ಮುಂದೆ ಅಂದೆ. ವಾಪಸ್ ತಗೊಳ್ಳೋದಾದ್ರೂ ಎಲ್ಲರ ಮುಂದೇನೇ ತಗೋಬೇಕು. ಚಿತ್ರ ನಮ್ಮೂರಿಗೆ ಬರ್ಲಿ. ಗಾಯನವೃಂದನೆಲ್ಲ ಕರ್ಕೊಂಡು ಹೋಗಿ ಕೂರ್ತೀನಿ. ಅವಳ ಕೈ ಖಾಲಿ ಇರೋದನ್ನ ನನ್ನ ಕಣ್ಣಾರೆ ನೋಡಿ, ಅವತ್ತೇ ಬರೀತೀನಿ. ಚೂರು ಫಿಲ್ಮ್ ನೋಡಿ ಸೋತೆ ಅಂತ ಬರೆಯೋಳು ನಾನಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಸಕ್ಕರೆ ರೇಷನ್ ಚೀಟಿ ಉಳಿದಿದ್ರೆ ಕಳಿಸು, ಕಳ್ಳತನ ಮಾಡೋದಾದ್ರೆ ಉಪಯೋಗಕ್ಕೆ ಬರೋದನ್ನ ಮಾಡು.

ಅಮ್ಮ


ಲಾಸ್ ಏಂಜಲೀಸ್,
ಸೆಪ್ಟೆಂಬರ್ ೫, ೧೯೪೩

ಪ್ರೀತಿಯ ಅಮ್ಮನಿಗೆ,

ಹ್ಯಾಟೀ ಬೂನ್‌ಗೆ ನನ್ನ ನಮಸ್ಕಾರ ತಿಳಿಸು. ಅವಳ ಕಣ್ಣನ್ನು ಸೈನ್ಯಕ್ಕೆ ಕೊಟ್ಟರೆ ದೂರದರ್ಶಕದ ಖರ್ಚು ಉಳಿಯುತ್ತದೆ.

ಕೈ ಖಾಲಿ ಇದೆ. ಮೊಣಕೈವರೆಗೂ ಬಿಳಿ ಕೈಗವಸು ತೊಟ್ಟಿದ್ದಾಳೆ. ಹಾಡಿನ ಉದ್ದಕ್ಕೂ ಎರಡೂ ಕೈ ಇಳಿಬಿಟ್ಟಿರುತ್ತಾಳೆ. ಕೊನೆಯ ಸಾಲಿಗೆ ಎತ್ತಿ, ನಮ್ಮ ಕಡೆಗೆ ಅಂಗೈ ಬಿಚ್ಚಿ ತೋರಿಸುತ್ತಾಳೆ. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ನೃತ್ಯ ಕಲಿಸುವಾತ "ಕೈ ಸೊಂಟದ ಮೇಲಿರಲಿ" ಅಂದಿದ್ದ. ಇವಳು "ಇಲ್ಲ ಸಾರ್, ನಮ್ಮೂರಲ್ಲಿ ಒಬ್ಬರಿಗೆ ಇದನ್ನ ತೋರಿಸಬೇಕಾಗಿದೆ" ಅಂದಳಂತೆ. ಯಾರಿಗೆ ಅಂತ ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಮೂಲೆಯ ಮಬ್ಬು ಏನೂ ಅಲ್ಲ. ಧೂಳು. ಒರೆಸಬೇಡ, ಫಿಲ್ಮಿನ ಮೇಲೆ ಗೀರು ಬೀಳುತ್ತದೆ.

ಒಬ್ಬಳನ್ನೇ ನಿಲ್ಲಿಸಿದ್ದು ಗೌರವಕ್ಕೆ. ಕಂಬ ಕೂಡ ಅಮೃತಶಿಲೆಯದು. (ಹಿಂದುಗಡೆ ತಟ್ಟಿದರೆ ಪ್ಲೈವುಡ್. ಆದರೆ ಹಾಲಿವುಡ್ಡಿನಲ್ಲಿ ಯಾರನ್ನೂ ಹಿಂದಿನಿಂದ ತಟ್ಟಿ ನೋಡಬಾರದು.)

ಇನ್ನು ಚಿತ್ರ ನೋಡುವ ವಿಷಯ. ನಾನು ಯೋಚನೆ ಮಾಡಿದೆ. ಮ್ಯಾಗ್ನೋಲಿಯಾ ಥಿಯೇಟರಿನಲ್ಲಿ ನಮ್ಮವರು ಹತ್ತಬೇಕಾದ ಹೊರಗಿನ ಮೆಟ್ಟಿಲು ನಿನಗೆ ಗೊತ್ತಲ್ಲ. ನಿನ್ನ ಮಂಡಿಗೆ ಅದು ಆಗದ ಕೆಲಸ. ಮೇಲಿನ ಅಟ್ಟದಿಂದ ನೋಡಿದರೆ ತೆರೆಯ ಮೇಲಿರುವುದು ಮನುಷ್ಯರೋ ಇಲಿಗಳೋ ಗೊತ್ತಾಗುವುದಿಲ್ಲ. ನೀನು ಶಿಕಾಗೋಗೆ ಯಾಕೆ ಹೋಗಬಾರದು? ಲೂಲಾ ಚಿಕ್ಕಮ್ಮ ಎಷ್ಟು ಸಲ ಕರೆದಿದ್ದಾಳೆ. ಅಲ್ಲಿ ದೊಡ್ಡ ತೆರೆ, ನಮ್ಮವರದೇ ಬಡಾವಣೆ, ಮುಂದಿನ ಬಾಗಿಲಿನಿಂದಲೇ ಒಳಗೆ ಹೋಗಬಹುದು. ರೈಲಿನ ಖರ್ಚು ನನ್ನದು. ಅಕ್ಟೋಬರಿನಲ್ಲಿ ಹೋಗು. ಅಲ್ಲಿಂದಲೇ ಕ್ಲಿಯೋಗೆ ಬರಿ.

ಅಥವಾ ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಈಗಲೇ ಬರಿ. ಮಗನ ಕಣ್ಣು ಅಮ್ಮನ ಕಣ್ಣಲ್ಲವೇ?

ಪ್ರೀತಿಯ,
ಲೂಷಿಯಸ್

ತಾ.ಕ.: ಸಕ್ಕರೆ ಚೀಟಿ ಇಟ್ಟಿದ್ದೇನೆ. ಕದ್ದದ್ದಲ್ಲ.


ವಿಕ್ಸ್‌ಬರ್ಗ್,
ಅಕ್ಟೋಬರ್ ೩, ೧೯೪೩

ಲೂಷಿಯಸ್,

ಶಿಕಾಗೋಗೆ ನಾನ್ಯಾಕೆ ಹೋಗ್ಲಿ? ಅಲ್ಲಿ ನನ್ನ ಮಗಳನ್ನ ನೋಡಿ ನನಗೇನಾಗಬೇಕು? ನಾನು ಅವಳನ್ನ ಬೈದದ್ದು ಶಿಕಾಗೋದಲ್ಲೇನು? ನೀನು ಆ ಕ್ಯಾಲಿಫೋರ್ನಿಯಾಗೆ ಹೋದಾಗಿಂದ ನಿನಗೆ ನಮ್ಮೂರಿನ ಮೆಟ್ಟಿಲು ಚಿಕ್ಕದಾಗಿದೆ, ನಮ್ಮೂರಿನ ಅಟ್ಟ ಎತ್ತರ ಆಗಿದೆ. ನಾಚಿಕೆ ಆಗುತ್ತಾ ನಿನಗೆ, ನಿಮ್ಮಮ್ಮ ಅಟ್ಟದಲ್ಲಿ ಕೂತು ನಿನ್ನ ಕೆಲಸ ನೋಡಿದ್ಲು ಅಂತ ಹೇಳ್ಕೊಳ್ಳೋಕೆ? ಹೂಂ, ಗೊತ್ತು ಬಿಡು. ನನ್ನ ಮಂಡಿ ಮೇಲೆ ಪ್ರೀತಿ ಅಂತ ಬರ್ದಿದ್ದೀಯ, ಹಾಗೇ ಅಂದ್ಕೋತೀನಿ.

ಚಿತ್ರ ಇಪ್ಪತ್ತನೇ ತಾರೀಕು ಬರುತ್ತೆ. ಪೋಸ್ಟರ್ ಹಾಕಿದ್ದಾರೆ. ಎಲ್ಲರ ಮುಖಾನೂ ಇದೆ, ನಮ್ಮವಳದಿಲ್ಲ. ನಾನು ಹ್ಯಾಟೀಗೆ ಹೇಳಿದೆ, ರಾಣಿಯರ ಮುಖ ಗೋಡೆ ಮೇಲೆ ಅಂಟಿಸಲ್ಲ, ನಾಯಿ ಕಾಲೆತ್ತುತ್ತೆ ಅಂತ. ಮೊದಲ್ನೇ ಸಲ ಅವಳು ನಕ್ಕಿದ್ದು.

ಭಾನುವಾರ ಸಭೇಲಿ ಎದ್ದು ನಿಂತು ಹೇಳಿಬಿಟ್ಟೆ. ನನ್ನ ಮಗಳು ಕ್ಲಿಯೋಟಾ ಚಿತ್ರದಲ್ಲಿ ಹಾಡ್ತಾಳೆ, ಕೈಯಲ್ಲಿ ತಟ್ಟೆ ಇಲ್ಲದೆ ಹಾಡ್ತಾಳೆ, ನನ್ನ ಮಗ ತನ್ನ ಕೈಯಾರೆ ಅದನ್ನ ಹೊಲಿದಿದ್ದಾನೆ, ಬಂದು ನೋಡಿ ಅಂತ. ರೆವರೆಂಡ್ ಟಾಲಿವರ್ ಬುಧವಾರದ ಪ್ರಾರ್ಥನೆ ಗುರುವಾರಕ್ಕೆ ಹಾಕಿದ್ರು. ದೇವರಿಗೆ ಒಂದು ದಿನ ಕಾಯೋದು ಅಭ್ಯಾಸ ಇದೆಯಂತೆ. ಗಾಯನವೃಂದ ಪೂರ್ತಿ ಬರುತ್ತೆ. ನಾನು ಟೋಪಿಗೆ ಹೊಸ ರಿಬ್ಬನ್ ಹಾಕಿಸಿದೀನಿ.

ಅವತ್ತು ಅಂದದ್ದು ಮೂರು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ ಕಣೋ. ಬುಧವಾರ ಅದನ್ನ ತೆಗೆದು ಹಾಕ್ತೀನಿ. ಅವಳಿಗೆ ಹೇಳಬೇಡ, ನಾನೇ ಬರೀತೀನಿ.

ಅಮ್ಮ


ಲಾಸ್ ಏಂಜಲೀಸ್,
ಅಕ್ಟೋಬರ್ ೧೧, ೧೯೪೩

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಬುಧವಾರ ಹೋಗಬೇಡ. ಮೊದಲ ದಿನ ನೂಕುನುಗ್ಗಲು. ಚಿತ್ರವೂ ಅಷ್ಟೇನೂ ಚೆನ್ನಾಗಿಲ್ಲ, ನಡುವೆ ಒಬ್ಬ ನಾಯಿ ಹಿಡಿದುಕೊಂಡು ಪಿಟೀಲು ಬಾರಿಸುತ್ತಾನೆ, ನಾಯಿಯೇ ವಾಸಿ. ಇಡೀ ಸಭೆಯನ್ನು ಕರೆದುಕೊಂಡು ಹೋಗುವಂಥದ್ದಲ್ಲ. ಯುದ್ಧದ ಕಾಲದಲ್ಲಿ ಪ್ರಾರ್ಥನೆ ಮುಂದೂಡಿದರೆ ಜನ ಏನಂದಾರು?

ಕ್ಲಿಯೋ ನವೆಂಬರ್ ಮೊದಲ ವಾರ ಹೊರಡುತ್ತಾಳೆ. ಸಮುದ್ರದಾಚೆ ನಮ್ಮ ಹುಡುಗರಿರುವ ಶಿಬಿರಗಳಲ್ಲಿ ಹಾಡಲು ಒಂದು ತಂಡ ಕಳಿಸುತ್ತಿದ್ದಾರೆ, ಅದರಲ್ಲಿ ಅವಳಿದ್ದಾಳೆ. ಹಡಗು. ಎಲ್ಲಿಗೆ ಅಂತ ಹೇಳುವುದಿಲ್ಲ. ಅಷ್ಟರೊಳಗೆ ನಿನ್ನ ಕಾಗದ ಬರಬೇಕು. ಚಿತ್ರ ಬಿಡು. ದಯವಿಟ್ಟು ಚಿತ್ರ ನೋಡದೆಯೇ ಬರಿ.

ಲೂಷಿಯಸ್


ವಿಕ್ಸ್‌ಬರ್ಗ್,
ಅಕ್ಟೋಬರ್ ೨೪, ೧೯೪೩

ಮಗಾ ಲೂಷಿಯಸ್,

ನಿನ್ನ ಕಾಗದ ಶುಕ್ರವಾರ ಬಂತು. ಅಷ್ಟರಲ್ಲಿ ನೋಡಿ ಆಗಿತ್ತು.

ಮೆಟ್ಟಿಲು ಹತ್ತಿದೆ. ಮಂಡಿ ಏನೂ ಅನ್ನಲಿಲ್ಲ. ಮೊದಲ್ನೇ ಸಾಲಲ್ಲೇ ಕೂತ್ವಿ, ಕಟಕಟೆ ಹತ್ರ. ನಮ್ಮ ಕ್ಲಿಯೋ ಬಂದ್ಲು. ತುಂಬ ಚೆನ್ನಾಗಿದ್ಲು. ನೀಲಿ ಉಡುಪು ಅವಳಿಗೆ ಒಪ್ಪುತ್ತೆ. ನೀನು ಬಿಳಿ ಅಂತ ಬರೆದಿದ್ದೆ, ನೀಲಿ ಅದು, ಆಕಾಶದ ನೀಲಿ. ಗಂಡಸರಿಗೆ ಬಣ್ಣ ಗೊತ್ತಾಗಲ್ಲ. ಅಮೃತಶಿಲೆ ಕಂಬ ಥಳಥಳ ಅಂತಿತ್ತು. ಕೊನೇಲಿ ಕೈ ಎತ್ತಿ ತೋರಿಸಿದ್ಲು. ಖಾಲಿ ಇತ್ತು. ಕೆಳಗಡೆ ಕೂತಿದ್ದ ಬಿಳಿಯರು ಕೂಡ ಚಪ್ಪಾಳೆ ತಟ್ಟಿದ್ರು.

ಒಂದು ಸಲ ಸಾಲಲಿಲ್ಲ. ಎರಡನೇ ಆಟಕ್ಕೂ ಅಲ್ಲೇ ಕೂತ್ವಿ. ಯಾರೂ ಮನೆಗೆ ಹೋಗ್ತೀನಿ ಅನ್ನಲಿಲ್ಲ.

ಹ್ಯಾಟೀ ಬೂನ್ ವಾಪಸ್ ಬರೋವಾಗ ದಾರಿ ಪೂರ್ತಿ ನನ್ನ ತೋಳು ಹಿಡ್ಕೊಂಡೇ ನಡೆದ್ಲು. ಮಾರನೇ ದಿನ ಬಾತುಕೋಳಿ ಮೊಟ್ಟೆ ತಂದುಕೊಟ್ಟು ಹೋದ್ಲು. ಅಷ್ಟು ಮೆಚ್ಚಿಗೆ ಆಗಿರಬೇಕು.

ನಿನ್ನ ಹೊಲಿಗೆ ಭದ್ರವಾಗಿದೆ ಮಗಾ. ಒಂದು ಎಳೆ ಎದ್ದಿಲ್ಲ. ಓದಿಸಿದ್ದು ಸಾರ್ಥಕ ಆಯ್ತು. ಗ್ರೂಬರ್ ಸಾಹೇಬ್ರಿಗೆ ನನ್ನ ವಂದನೆ ಹೇಳು.

ಕ್ಲಿಯೋಗೆ ಬೇರೆ ಬರೆದಿದ್ದೀನಿ, ಇದೇ ಟಪಾಲಿಗೆ ಹಾಕ್ತೀನಿ. ಹಡಗು ಹತ್ತೋಕೆ ಮುಂಚೆ ಅವಳ ಕೈ ಸೇರ್ಲಿ.

ಈ ಚಿತ್ರದ ಬಗ್ಗೆ ಇನ್ನು ಬರೀಬೇಡ. ನೋಡಿ ಆಯ್ತಲ್ಲ.

ಅಮ್ಮ


ಲಾಸ್ ಏಂಜಲೀಸ್,
ನವೆಂಬರ್ ೭, ೧೯೪೩

ಅಮ್ಮಾ,

ಕ್ಲಿಯೋ ಗುರುವಾರ ಹೊರಟಳು. ನಿನ್ನ ಕಾಗದ ಹಿಂದಿನ ದಿನವೇ ಸಿಕ್ಕಿತು. ನನ್ನ ಕೋಣೆಯ ಹೊರಗಿನ ಮೆಟ್ಟಿಲ ಮೇಲೆ ಕೂತು ಒಡೆದಳು. ಅಷ್ಟು ದಿನ ಕಾದದ್ದಕ್ಕೆ ಮೂರು ಹಾಳೆಯಾದರೂ ಇರುತ್ತದೆ ಅಂದುಕೊಂಡಿದ್ದೆವು. ನೀನು ಬರೆದದ್ದು ಒಂದೇ ಸಾಲು: "ನಿನ್ನ ಕೈ ನೋಡಿದೆ ಮಗಳೇ, ನಾನು ಅಂದದ್ದು ತಪ್ಪು." ಅದನ್ನು ಮತ್ತೆ ಮತ್ತೆ ಓದಿದಳು. ಕಣ್ಣಿಗೆ ಹಚ್ಚಿದ ಕಾಡಿಗೆ ಗದ್ದದವರೆಗೂ ಇಳಿಯಿತು, ಇಡೀ ಬೀದಿ ನೋಡಿದರೂ ಒರೆಸಿಕೊಳ್ಳಲಿಲ್ಲ.

ಆಮೇಲೆ ಕೇಳಿದಳು: "ಅಮ್ಮ ಎಲ್ಲಿ ನೋಡಿದ್ಲೋ ಲೂಷೀ? ಶಿಕಾಗೋಗೆ ಹೋಗಿದ್ಲಾ?"

"ಹೂಂ" ಅಂದೆ. "ಲೂಲಾ ಚಿಕ್ಕಮ್ಮನ ಮನೆಗೆ."

"ಮಂಡಿ ನೋವಿಟ್ಕೊಂಡು ಅಷ್ಟು ದೂರ ಹೋದ್ಲಾ, ನನಗೋಸ್ಕರ" ಅಂದಳು. ಆ ಕಾಗದವನ್ನು ಸಣ್ಣದಾಗಿ ಮಡಚಿ ಕೈಗವಸಿನೊಳಗೆ, ಅಂಗೈಗೆ ತಾಗುವ ಹಾಗೆ ಇಟ್ಟುಕೊಂಡಳು. ಹಾಗೇ ಹಡಗು ಹತ್ತಿದಳು.

ಅಮ್ಮಾ, ನನಗೆ ಬುದ್ಧಿ ಬಂದಾಗಿನಿಂದ ನೀನು ಸುಳ್ಳು ಹೇಳಿದವಳಲ್ಲ. ಅಭ್ಯಾಸವಿಲ್ಲದ ಕೆಲಸ, ಅದಕ್ಕೇ ಸಿಕ್ಕಿಬಿದ್ದೆ. ಆ ಚಿತ್ರದಲ್ಲಿ ಬಣ್ಣವೇ ಇಲ್ಲ. ಎಲ್ಲ ಕಪ್ಪು ಬಿಳುಪು. ಆಕಾಶದ ನೀಲಿಯನ್ನು ನೀನು ಸ್ವಂತ ಖರ್ಚಿನಲ್ಲಿ ಹಾಕಿದ್ದೀಯ. ಆ ಕಂಬ ಅಮೃತಶಿಲೆಯದ್ದಾಗಿದ್ದು ನನ್ನ ಕಾಗದದಲ್ಲಿ ಮಾತ್ರ, ತೆರೆಯ ಮೇಲೆ ನೋಡಿದವರಿಗೆ ಅದು ಬಣ್ಣ ಬಳಿದ ಮರ ಅಂತ ತಟ್ಟನೆ ಗೊತ್ತಾಗುತ್ತದೆ. ಇವೆಲ್ಲ ಇಲ್ಲದಿದ್ದರೂ ನನಗೆ ಗೊತ್ತಿತ್ತು. ನೀನು ಅವಳನ್ನು ನೋಡಿಲ್ಲ. ಒಂದು ಆಟ ಕೂತು ಕಾದಿದ್ದೀಯ. ತೂಕಡಿಸಿದೆನೇನೋ ಅಂತ ಎರಡನೇ ಆಟಕ್ಕೂ ಕೂತಿದ್ದೀಯ. ಅವಳೊಬ್ಬಳನ್ನೇ ಹುಡುಕುವ ಕಣ್ಣಿಗೆ ಚಿತ್ರದಲ್ಲಿ ಬಣ್ಣವಿದೆಯೋ ಇಲ್ಲವೋ ಕಾಣಲೇ ಇಲ್ಲ. ಗಾಯನವೃಂದ ಪೂರ್ತಿ ನಿನ್ನ ಹಿಂದೆ, ಹೊಸ ರಿಬ್ಬನ್ನಿನ ಟೋಪಿ ನೋಡುತ್ತಾ. ಹ್ಯಾಟೀ ಬೂನ್ ತೋಳು ಹಿಡಿದು ನಡೆಸಿಕೊಂಡು ಬಂದಳು ಅಂತ ಓದಿದಾಗ ನಾನು ಕಾಗದ ಕೆಳಗಿಟ್ಟೆ. ನಲವತ್ತು ವರ್ಷ ನಿನ್ನನ್ನು ಚುಚ್ಚಿದವಳು ಮೊಟ್ಟೆ ತಂದುಕೊಡಬೇಕಾದರೆ ಆ ಎರಡು ಆಟದಲ್ಲಿ ನಿನ್ನ ಮುಖ ಹೇಗಾಗಿತ್ತೋ.

ಹಾಡನ್ನು ಕಿತ್ತದ್ದು ಮ್ಯಾಗ್ನೋಲಿಯಾ ಥಿಯೇಟರಿನವರ ಕೈವಾಡ ಅಂದುಕೊಂಡು, ನನ್ನ ಹೊಲಿಗೆ ಹೋಯಿತು ಅಂತ ನನಗೆ ಗೊತ್ತಾಗಬಾರದು ಅಂತ, ನನ್ನನ್ನು ಉಳಿಸಲು ಬರೆದೆ. ಅದನ್ನೇ ನಾನು ಜೀರ್ಣಿಸಿಕೊಳ್ಳಲಾರೆ.

ಇಲ್ಲಿ ನಡೆಯುವುದೇ ಹಾಗೆ. ನಮ್ಮವರ ಹಾಡನ್ನು ಯಾವಾಗಲೂ ಒಂಟಿಯಾಗಿ ಚಿತ್ರೀಕರಿಸುತ್ತಾರೆ. ಅದರಲ್ಲಿ ಬೇರೆ ನಟರಿರುವುದಿಲ್ಲ, ಕಥೆಯ ಒಂದು ಮಾತೂ ಇರುವುದಿಲ್ಲ. ಉತ್ತರದ ಊರುಗಳಿಗೆ ಹೋಗುವ ಪ್ರತಿಯಲ್ಲಿ ಹಾಡು ಇರುತ್ತದೆ, ನಿನ್ನೂರಿನಂಥ ದಕ್ಷಿಣದ ಊರುಗಳಿಗೆ ಹೋಗುವ ಪ್ರತಿಯಿಂದ, ಅಲ್ಲಿನ ಬಿಳಿಯರು ಸಹಿಸುವುದಿಲ್ಲ ಅಂತ, ಎತ್ತಿಬಿಡುತ್ತಾರೆ. ಎತ್ತಿದ್ದು ಕಾಣಬಾರದು, ಅದಕ್ಕೇ ಒಂದು ಕಂಬ, ಒಬ್ಬಳು ಹುಡುಗಿ, ಹಿಂದೆ ಮುಂದೆ ತೆರೆ. ರಾಣಿಯರು ಬರುವುದು ಹಾಗೆ ಅಂತ ನಿನಗೆ ಬರೆದೆನಲ್ಲ, ರಾಣಿಯರನ್ನು ಕಳಿಸುವುದೂ ಹಾಗೇ. ಕ್ಲಿಯೋಗೆ ಮೊದಲ ದಿನವೇ ಗೊತ್ತಿತ್ತು. ಕಂಬದ ಪಕ್ಕ ನಿಲ್ಲಿಸಿದಾಗ ನನಗೆ ಹೇಳಿದಳು: "ನನ್ನನ್ನ ಕಟ್ಟಿಸಿದ ಹಲ್ಲಿನ ಹಾಗೆ ಕೂರಿಸ್ತಿದ್ದಾರೆ ಕಣೋ. ಬೇಕಾದಾಗ ತೆಗೆದು ಲೋಟದಲ್ಲಿಡಬಹುದು." ಇಬ್ಬರೂ ನಕ್ಕೆವು. "ಅಮ್ಮನಿಗೆ ಹೇಗೆ ತೋರ್ಸೋದೋ?" ಅಂದಳು. "ನಾನು ನೋಡ್ಕೋತೀನಿ, ಶಿಕಾಗೋಗೆ ಕಳಿಸ್ತೀನಿ" ಅಂದೆ.

ಅದನ್ನೇ ನಿನಗೆ ನೇರವಾಗಿ ಬರೆದಿದ್ದರೆ ಮುಗಿಯುತ್ತಿತ್ತು. "ಅಮ್ಮಾ, ನಿನ್ನೂರಿನಲ್ಲಿ ಅವಳನ್ನು ತೋರಿಸುವುದಿಲ್ಲ, ಶಿಕಾಗೋಗೆ ಹೋಗು" ಅಂತ ಒಂದು ಸಾಲು. ನೀನು ಬೈದುಕೊಂಡಾದರೂ ರೈಲು ಹತ್ತುತ್ತಿದ್ದೆ. ಬರೆಯಲು ಕೂತಾಗಲೆಲ್ಲ ಪೆನ್ನು ಮಂಡಿ, ಮೆಟ್ಟಿಲು, ಇಲಿ, ನಾಯಿ ಅಂತ ಸುತ್ತಿಕೊಂಡು ಹೋಗುತ್ತಿತ್ತು. ಯಾಕೆಂದರೆ ಆ ಒಂದು ಸಾಲು ಬರೆದರೆ ನೀನು ಕೇಳುವ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು: "ಮತ್ತೆ ನೀನು ಕತ್ತರಿ ಹಿಡ್ಕೊಂಡು ಅಲ್ಲಿ ಏನು ಮಾಡ್ತಿದ್ದೆ?"

ಆಗಸ್ಟಿನಲ್ಲಿ ತಮಾಷೆಗೆ ಒಪ್ಪಿಕೊಂಡಿದ್ದೆ, ಈಗ ನಿಜವಾಗಿ ಒಪ್ಪಿಕೊಳ್ಳುತ್ತೇನೆ. ಗ್ರೂಬರ್ ಸಾಹೇಬರು ನನ್ನನ್ನು ಕೇಳುವುದು ಒಂದೇ: ಕಾಫಿಗೆ ಹಾಲು ಹಾಕಿದ್ದೀಯಾ, ಇಲ್ಲವಾ. ಸಂಕಲನದ ಕಟ್ಟಡದಲ್ಲಿ ನನ್ನ ಕೆಲಸ ಫಿಲ್ಮಿನ ಡಬ್ಬಿ ಹೊರುವುದು, ನೆಲ ಗುಡಿಸುವುದು, ಕೋಣೆಕೋಣೆಗೆ ಕಾಫಿ ಕೊಡುವುದು. ಆ ಕುರ್ಚಿಗಳಲ್ಲಿ ನಮ್ಮವರನ್ನು ಕೂರಿಸುವುದಿಲ್ಲ. ಬಿ.ಎ. ಪದವಿಯ ಕಾಗದ ನಿನ್ನ ಮನೆಯ ಮುಂದಿನ ಕೋಣೆಯಲ್ಲಿ, ಗಾಜಿನ ಹಿಂದೆ ತೂಗುತ್ತಿದೆ. ಅದರ ಯಜಮಾನ ಇಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾನೆ, ಮೂರು ವರ್ಷದಿಂದ. ನಿಲ್ದಾಣದಲ್ಲಿ ನೀನು ಅಂದದ್ದು ಸುಳ್ಳಾಗಲಿಲ್ಲ ಅಮ್ಮ, ತಪ್ಪು ಮಗುವಿಗೆ ಅಂದೆ ಅಷ್ಟೆ.

ಆ ಮಂಗಳವಾರ ಕಾಫಿ ತೆಗೆದುಕೊಂಡು ಒಳಗೆ ಹೋದೆ. ಮೇಜಿನ ಮೇಲೆ ದಕ್ಷಿಣಕ್ಕೆ ಹೊರಟ ಪ್ರತಿಗಳ ಡಬ್ಬಿಗಳು ಪೇರಿಸಿದ್ದವು. ಗ್ರೂಬರ್ ಬೇಜಾರಿನಲ್ಲಿದ್ದರು, ಅದು ಅವರ ಮಟ್ಟದ ಕೆಲಸವಲ್ಲ. "ಲೂಷಿಯಸ್, ಕತ್ತರಿ ಹಿಡೀಬೇಕು ಅಂತ ನಿನಗೆ ಬಹಳ ಆಸೆ ಅಲ್ವೇನಯ್ಯಾ? ಬಾ, ಕೂತ್ಕೋ. ತೆರೆ ಸರಿಯೋ ಕಡೆ ಒಂದು ಏಟು, ಬೀಳೋ ಕಡೆ ಒಂದು ಏಟು, ನಡುವಿಂದು ಬುಟ್ಟಿಗೆ. ಉಳಿದದ್ದಕ್ಕೆ ಅಂಟು ಹಚ್ಚು. ಮಕ್ಕಳೂ ಮಾಡ್ತಾರೆ" ಅಂದರು. ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಒಲ್ಲೆ ಅನ್ನಬಹುದಿತ್ತು. ನಾನು ಒಲ್ಲೆ ಅಂದಿದ್ದರೆ ಅವರೇ ಮಾಡುತ್ತಿದ್ದರು, ಹಾಡು ಹೇಗೂ ಹೋಗುತ್ತಿತ್ತು, ಅಂತ ನಿನಗೆ ಬರೆಯೋಣ ಅಂದುಕೊಂಡಿದ್ದೆ. ಅದು ನಿಜವೂ ಹೌದು. ಆದರೆ ಆ ಹೊತ್ತಿನಲ್ಲಿ ಅದು ನನ್ನ ತಲೆಗೇ ಬರಲಿಲ್ಲ. ನಾನು ಯೋಚಿಸಿದ್ದು ಅಂಚು ನೇರ ಬರಬೇಕು ಅಂತ ಮಾತ್ರ. ಎಲ್ಲ ಪ್ರತಿಗಳನ್ನೂ ಮುಗಿಸಿದೆ. ಗ್ರೂಬರ್ ಭೂತಗನ್ನಡಿಯಲ್ಲಿ ನೋಡಿ "ಅಚ್ಚುಕಟ್ಟು. ಇಲ್ಲೊಂದು ಹಾಡಿತ್ತು ಅಂತ ಯಾರಿಗೂ ಗೊತ್ತಾಗಲ್ಲ" ಅಂದರು. ಮನೆಗೆ ಹೋಗುವಾಗ ದಾರಿಯಲ್ಲಿ ನಾನು ಸಿಳ್ಳೆ ಹಾಕಿಕೊಂಡು ನಡೆದೆ. ಯಾವ ರಾಗ ಅಂತ ಸೆಂಟ್ರಲ್ ಅವೆನ್ಯೂ ಬೀದಿಗೆ ತಿರುಗುವವರೆಗೂ ಗಮನಿಸಲಿಲ್ಲ. ಕ್ಲಿಯೋದೇ ಹಾಡು.

ನಿನಗೆ ಕಳಿಸಿದ ಚೂರು ನೆಲಕ್ಕೆ ಬಿದ್ದದ್ದಲ್ಲ. ನಾನು ಕತ್ತರಿಸಿದ್ದು. ನೆನಪಿಗೆ ಇರಲಿ ಅಂತ, ನನ್ನ ಮೊದಲ ಸಂಕಲನ ಅಂತ, ಕಾಲುಚೀಲಕ್ಕೆ ಸೇರಿಸಿಕೊಂಡೆ.

ಅದರ ಮೂಲೆಯಲ್ಲಿ ತಟ್ಟೆಯ ಅಂಚಿನ ಹಾಗೆ ಮಬ್ಬು ಇದೆ ಅಂದಿದ್ದೆಯಲ್ಲ? ಅದು ಧೂಳಲ್ಲ ಅಮ್ಮ, ನನ್ನ ಹೆಬ್ಬೆರಳು. ಕಾಫಿ ಚೆಲ್ಲಿ ಕೈ ಅಂಟಂಟಾಗಿತ್ತು. ತಟ್ಟೆ ಕೆಳಗಿಟ್ಟವನು ಅದನ್ನು ಒರೆಸಿಕೊಳ್ಳುವಷ್ಟೂ ತಡೆಯಲಿಲ್ಲ, ಸಾಹೇಬರು ಮನಸ್ಸು ಬದಲಾಯಿಸಿಬಿಟ್ಟಾರು ಅಂತ ಓಡಿಹೋಗಿ ಕೂತೆ.

ಲೂಷಿಯಸ್